ಮಂದಿ ಮೈಕ್ ತೆಗೀರಿ

ರಾಕ್ ಕಾರ್ಯಕ್ರಮಗಳಲ್ಲಿ ಸೌಂಡ್ ನೋಡಿಕೊಳ್ಳುವವರು ಇಬ್ಬರಿರುತ್ತಾರೆ. ಒಬ್ಬರು ಜನರ ನಡುವೆ ಶಾಮಿಯಾನ ಹಾಕಿಸಿಕೊಂಡು ಕೂತು, ಜನರಿಗೆ ಏನು ಕೇಳಿಸಬೇಕೋ ಅದನ್ನು ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಸ್ಟೇಜಿನ ಮಗ್ಗುಲಲ್ಲಿ, ಕರಿ ಪರದೆಯ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ ನಿಂತು, ಹಾಡುವವರಿಗೆ ಏನು ಕೇಳಿಸಬೇಕೋ ಅದನ್ನು ನೋಡಿಕೊಳ್ಳುತ್ತಾರೆ. ಮೊದಲನೆಯವರ ಫೋಟೋ ಪೇಪರಿನಲ್ಲಿ ಬರುತ್ತದೆ. ಎರಡನೆಯವಳು ನಾನು. ಕೆಲಸ ಸರಿಯಾಗಿ ನಡೆದರೆ ನಾನು ಬಂದಿದ್ದೆ ಅನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಹಾಡುಗಾರ ಹಾಡಿನ ನಡುವೆಯೇ ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸುತ್ತಾನೆ.

ನಮ್ಮ ಹಾಡುಗಾರನ ಎರಡು ಕಿವಿಗೂ ಮೇಣದ ಅಚ್ಚು ಹಾಕಿಸಿ ಮಾಡಿಸಿದ ಇಯರ್‌ಫೋನ್ ಇತ್ತು. ಅದನ್ನು ಒಳಗೆ ಕೂರಿಸಿಕೊಂಡರೆ ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದರೂ ಗೊತ್ತಾಗದು. ಅವನ ಗಿಟಾರು, ಡ್ರಮ್ಮು, ಅವನದೇ ಧ್ವನಿ, ಎಲ್ಲವೂ ನನ್ನ ಕನ್ಸೋಲಿನಿಂದ ಹೊರಟು ಅವನ ಸೊಂಟದ ಡಬ್ಬಿಗೆ ಹೋಗಿ, ಅಲ್ಲಿಂದ ಕಿವಿಗೆ ಹೋಗಬೇಕು. ಆದರೆ ಎದುರಿಗೆ ನಿಂತ ಜನ? ಜನರೂ ನನ್ನ ಮೂಲಕವೇ ಹೋಗಬೇಕು. ಅದಕ್ಕಾಗಿ ಸ್ಟೇಜಿನ ಅಂಚಿನಲ್ಲಿ ಉದ್ದನೆಯ ಎರಡು ಮೈಕು ಇಡುತ್ತೇವೆ, ಒಂದು ಎಡಗಡೆಯ ಜನರಿಗೆ, ಒಂದು ಬಲಗಡೆಯ ಜನರಿಗೆ ಮುಖ ಮಾಡಿ. ಎಡದ್ದು ಅವನ ಎಡಗಿವಿಗೆ, ಬಲದ್ದು ಬಲಗಿವಿಗೆ. ನಾವೆಲ್ಲ ಅದಕ್ಕೆ ಆಡಿಯೆನ್ಸ್ ಮೈಕ್ ಅನ್ನುತ್ತಿದ್ದೆವು. ಅವನು 'ಮಂದಿ ಮೈಕ್' ಅನ್ನುತ್ತಿದ್ದ. ಅವನು ಉತ್ತರ ಕರ್ನಾಟಕದ ಕಡೆಯವನು. ಯಲಹಂಕದ ಆಚೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ.

ಹಾಡು ನಡೆಯುವಾಗ ಆ ಎರಡು ಮೈಕನ್ನು ನಾನು ಹೆಚ್ಚುಕಮ್ಮಿ ಮುಚ್ಚಿಟ್ಟಿರುತ್ತೇನೆ, ಇಲ್ಲದಿದ್ದರೆ ಗದ್ದಲದಲ್ಲಿ ಅವನಿಗೆ ಶ್ರುತಿ ಸಿಗುವುದಿಲ್ಲ. ಹಾಡು ಮುಗಿದ ಕೂಡಲೇ ಏರಿಸುತ್ತೇನೆ. ಅವನ ನಿಜವಾದ ಆಟ ಶುರುವಾಗುತ್ತಿದ್ದದ್ದು ಆಗಲೇ. ಜನ ಕೂಗುತ್ತಾರೆ, ಇವನು ಉತ್ತರ ಕೊಡುತ್ತಾನೆ. ಒಮ್ಮೆ ಯಾರೋ "ಗುರು, ಮೊದ್ಲು ಕೂದ್ಲು ಕಟ್ ಮಾಡ್ಸು!" ಎಂದು ಕೂಗಿದರೆ, "ಲೇ, ನಮ್ಮವ್ವ ಫೋನ್ ಮಾಡಿದ್ಲೇನು ನಿನಗ?" ಅಂದುಬಿಟ್ಟ. ಇಡೀ ಹಾಲ್ ನಕ್ಕಿತು. ನಮ್ಮ ಬ್ಯಾಂಡಿಗಿಂತ ಚೆನ್ನಾಗಿ ಬಾರಿಸುವ ಬ್ಯಾಂಡ್ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ತಮ್ಮ ಕೂಗಿಗೆ ಉತ್ತರ ಸಿಗುತ್ತದೆ ಎಂದು. ಅದು ಅವನಿಗೂ ಗೊತ್ತಿತ್ತು.

ಗಂಗಾನಗರದಲ್ಲಿ ಒಂದು ಹಳೇ ಮನೆಯ ನೆಲಮಾಳಿಗೆ ನಮ್ಮ ಪ್ರಾಕ್ಟೀಸ್ ಜಾಗ. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಗಿರಣಿಯವರು ಊಟಕ್ಕೆ ನಿಲ್ಲಿಸಿದಾಗ ನಾವು ಶುರು ಮಾಡಬೇಕು, ಅವರು ಶುರು ಮಾಡಿದಾಗ ನಾವು ಕಾಫಿ ಕುಡಿಯಬೇಕು. ಒಂದು ಮಧ್ಯಾಹ್ನ ಹಾಡುಗಾರ ಗಿಟಾರಿನ ಚೀಲದಿಂದ ಹಳೇ ಸೀರೆಯಲ್ಲಿ ಸುತ್ತಿದ ಒಂದು ಸಿಂಬಿ ತೆಗೆದಿಟ್ಟ. ತಲೆಯ ಮೇಲೆ ಮೂಟೆ ಹೊರುವವರು ಮೂಟೆಯ ಕೆಳಗೆ ಇಟ್ಟುಕೊಳ್ಳುತ್ತಾರಲ್ಲ, ಆ ಬಟ್ಟೆಯ ಸುರುಳಿ.

ಯಶವಂತಪುರದ ಮಾರ್ಕೆಟ್ಟಿನ ಹಿಂದೆ, ರೈಲು ಹಳಿಯ ಮಗ್ಗುಲಿಗೆ, ಮೂಟೆ ಹೊರುವವರ ತಗಡಿನ ಮನೆಗಳಿದ್ದವು. ಅವನ ಊರ ಕಡೆಯವರೇ ಹೆಚ್ಚು. ಅವನು ಬೆಂಗಳೂರಿಗೆ ಬಂದ ಹೊಸದರಲ್ಲಿ ಅಲ್ಲೊಬ್ಬ ಹೆಂಗಸು ಅವನಿಗೆ ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದಳು. ಅವನು ಆಕೆಯನ್ನು ಅವ್ವ ಎಂದೇ ಕರೆಯುವುದು. ಆ ವಾರ ಜೆಸಿಬಿ ಬಂದು ಅಷ್ಟೂ ಮನೆಗಳನ್ನು ಒಂದೇ ಬೆಳಗ್ಗೆಯಲ್ಲಿ ನೆಲಸಮ ಮಾಡಿತ್ತು. ಜಾಗ ಅವರದ್ದಲ್ಲ ಅನ್ನುವುದು ಒಂದು ಮಾತು, ಎಲ್ಲಿಗೆ ಹೋಗಬೇಕು ಅನ್ನುವುದು ಇನ್ನೊಂದು ಮಾತು. ಸಿಂಬಿ ಆ ಅವ್ವನದು. ಆ ಮೂಟೆ ಹೊರುವವರ ಮೇಲೆ ಅವನು ಕಟ್ಟಿದ್ದ ಒಂದು ಹಾಡೂ ನಮ್ಮಲ್ಲಿತ್ತು, 'ಹೊರುವ ಹಾಡು' ಅನ್ನುತ್ತಿದ್ದೆವು.

"ಹೊರೋ ಹಾಡಿನ ನಡುವ ನಿಲ್ಲಿಸಿಬಿಡೂಣು," ಅಂದ. "ಇದನ್ನ ತಲಿ ಮ್ಯಾಲ ಇಟ್ಕೊಂಡು ಒಂದ್ ನಿಮಿಷ ಸುಮ್ನ ನಿಂದರತೇನಿ."

ಡ್ರಮ್ಮರ್ ಕೋಲು ಕೆಳಗಿಟ್ಟ. ಅವನು ಆರ್.ಟಿ. ನಗರದ ಹುಡುಗ, ಮನೆಯಲ್ಲಿ ದಿನಾ ರಾತ್ರಿ ಟಿವಿ ಚರ್ಚೆ ನೋಡಿ ಬೇಸತ್ತವನು. "ಮಗಾ, ರಾಜಕೀಯ ಬೇಡ ಕಣೋ. ಜನ ಟಿಕೆಟ್ ತಗೊಂಡು ಬರೋದು ಹಾಡು ಕೇಳೋಕೆ."

"ಭಾಷಣ ಮಾಡಂಗಿಲ್ಲಲೇ ನಾ. ಸುಮ್ನ ನಿಂದರತೇನಿ. ಸುಮ್ನಿರೂದೂ ರಾಜಕೀಯ ಏನು?"

"ಈ ಕಾಲದಲ್ಲಿ ಅದೇ ದೊಡ್ಡ ರಾಜಕೀಯ," ಅಂದ ಡ್ರಮ್ಮರ್. ನಾನು ಕೇಬಲ್ ಸುತ್ತುತ್ತಾ ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಒಂದು ಹಾಡಿನ ನಟ್ಟನಡುವೆ ಎಲ್ಲವನ್ನೂ ನಿಲ್ಲಿಸಿ ಮತ್ತೆ ಎತ್ತುವುದು ನನಗೆ ಎಷ್ಟು ಕೆಲಸ ಅಂತ ಯಾರಾದರೂ ಕೇಳಿದರೇ? ಕೊನೆಗೆ ಡ್ರಮ್ಮರ್ ಒಪ್ಪಿದ. ಹಾಡುಗಾರ ನನ್ನ ಕಡೆ ಬಂದ.

"ಅಕ್ಕಾರ, ಆ ಒಂದ್ ನಿಮಿಷ ನನಗ ಬ್ಯಾರೆ ಏನೂ ಬ್ಯಾಡ. ಮಂದಿ ಮೈಕ್ ತೆಗೀರಿ."

"ಆಯ್ತು," ಅಂದೆ.

ಈ 'ತೆಗಿ' ಅನ್ನುವ ಪದ ನೋಡಿ. ಬಾಗಿಲು ತೆಗಿ ಅಂದರೆ ತೆರೆ. ಕಸ ತೆಗಿ ಅಂದರೆ ಎತ್ತಿ ಬಿಸಾಕು. ಹುಟ್ಟಿದಾಗಿನಿಂದ ಎರಡನ್ನೂ ಆಡಿಕೊಂಡು ಬಂದಿದ್ದೇನೆ, ಒಂದು ದಿನವೂ ಗೊಂದಲವಾಗಿಲ್ಲ. ಆದರೆ ಬೆಂಗಳೂರಿನ ಸ್ಟೇಜಿನ ಮೇಲೆ ಅದಕ್ಕೆ ಒಂದೇ ಅರ್ಥ. ಧ್ವನಿ ಬೇಕಿದ್ದರೆ 'ಕೊಡು', ಬೇಡದಿದ್ದರೆ 'ತೆಗಿ'. ಗಿಟಾರ್ ಕೊಡು, ಕೀಬೋರ್ಡ್ ತೆಗಿ. ಮಂದಿ ಮೈಕ್ ತೆಗಿ ಅಂದರೆ ಪೂರ್ತಿ ಮುಚ್ಚು. ಜೊತೆಗೆ 'ಬ್ಯಾರೆ ಏನೂ ಬ್ಯಾಡ' ಅಂತ ಬೇರೆ ಹೇಳಿದ್ದಾನೆ. ಪಾಪ, ಮೌನದಲ್ಲಿ ನಿಲ್ಲಬೇಕು ಅಂದುಕೊಂಡಿದ್ದಾನೆ ಎಂದು ಕನ್ಸೋಲಿನಲ್ಲಿ ಹೊಸದೊಂದು ಸೀನ್, ಅಂದರೆ ಮೊದಲೇ ಹೊಂದಿಸಿಟ್ಟ ಒಂದು ಜೋಡಣೆ, ಮಾಡಿಟ್ಟೆ. ಒಂದು ಗುಂಡಿ ಒತ್ತಿದರೆ ಸಾಕು, ಅವನ ಕಿವಿಗೆ ಹೋಗುವುದೆಲ್ಲ ಬಂದ್. ನೆಲಮಾಳಿಗೆಯಲ್ಲಿ ಪ್ರಾಕ್ಟೀಸ್ ಮಾಡಿದೆವು. ಅಲ್ಲಿ ಮಂದಿ ಎಲ್ಲಿಂದ ಬರಬೇಕು? ತೆರೆದಿದ್ದರೂ ಮುಚ್ಚಿದ್ದರೂ ಅವನಿಗೆ ಕೇಳಿಸುತ್ತಿದ್ದದ್ದು ಒಂದೇ.

ಮೊದಲನೇ ಸಲ ಮಾಡಿದ್ದು ಹೆಬ್ಬಾಳದ ಒಂದು ಹಾಲಿನಲ್ಲಿ. ಹಾಡು ಅರ್ಧಕ್ಕೆ ನಿಂತಿತು, ಅವನು ಸಿಂಬಿ ತಲೆಗಿಟ್ಟು ಕಣ್ಣು ಮುಚ್ಚಿದ, ಲೈಟಿನವನು ಎದುರಿನಿಂದ ಒಂದೇ ಬಿಳಿ ಲೈಟ್ ಬಿಟ್ಟ, ನಾನು ಗುಂಡಿ ಒತ್ತಿದೆ. ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಲಗಡೆ ಕೆಲವರು ಎದ್ದು ನಿಂತರು. ಎಡಗಡೆಯಿಂದ ಒಬ್ಬ, "ಗುರು, ಕರೆಂಟ್ ಹೋಯ್ತಾ?" ಅಂದ. ನಾಲ್ಕಾರು ಜನ ನಕ್ಕರು. ಇನ್ನೊಬ್ಬ, "ಹಾಡು ಗುರು, ಧರಣಿ ಫ್ರೀಡಂ ಪಾರ್ಕಲ್ಲಿ!" ಅಂದ. ಬೇರೆ ದಿನವಾಗಿದ್ದರೆ ಇವನು ಒಂದು ಮಾತಿನಲ್ಲಿ ಇಬ್ಬರನ್ನೂ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವತ್ತು ಕಲ್ಲಿನ ಹಾಗೆ ನಿಂತೇ ಇದ್ದ.

ಇಳಿದು ಬಂದವನ ಮುಖ ಬೆಳಗುತ್ತಿತ್ತು. "ಎಷ್ಟ್ ಶಾಂತ ಇದ್ರಲ್ರೀ ಮಂದಿ! ಒಬ್ಬಾಂವನೂ ಪಿಟಕ್ ಅನ್ಲಿಲ್ಲ."

ನಾವು ಮುಖ ಮುಖ ನೋಡಿಕೊಂಡೆವು. ಡ್ರಮ್ಮರ್ ನನ್ನನ್ನು ಪಕ್ಕಕ್ಕೆ ಕರೆದು, "ಸುಮ್ನಿರು ಅಕ್ಕ. ಬೇಜಾರಾಗಿದೆ ಅವ್ನಿಗೆ, ತೋರಿಸ್ಕೊಳ್ತಿಲ್ಲ," ಅಂದ. ನನಗೂ ಹಾಗೇ ಅನ್ನಿಸಿತು. ನಮ್ಮದು ಮರ್ಯಾದಸ್ಥರ ಬ್ಯಾಂಡು. ಗಾಯದ ಮೇಲೆ ಬೆರಳಿಡಬಾರದು ಎಂದು ಎಲ್ಲರೂ ಸುಮ್ಮನಾದೆವು. ಅವನು ಫೋನಿನಲ್ಲಿ ಕಾಮೆಂಟ್ ಓದುವ ಚಟವನ್ನು ಯಾವಾಗಲೋ ಬಿಟ್ಟಿದ್ದ. ಬ್ಯಾಂಡಿನ ಪೇಜ್ ನೋಡಿಕೊಳ್ಳುತ್ತಿದ್ದದ್ದು ಮ್ಯಾನೇಜರ್.

ಎರಡನೇ ಸಲ ಯಲಹಂಕದ ಒಂದು ಕಾಲೇಜಿನ ಹಬ್ಬದಲ್ಲಿ. ಅಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿತ್ತು. ಬಲಗಡೆ ಒಂದು ಗುಂಪು ಬ್ಯಾಂಡಿನ ಟೀ ಶರ್ಟುಗಳನ್ನೇ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಬಂದಿತ್ತು. ನಿಮಿಷ ಶುರುವಾದ ಕೂಡಲೇ ಫೋನ್ ಎತ್ತಿ ತಮ್ಮ ತಮ್ಮ ಮುಖದ ಫೋಟೋ ಹೊಡೆದುಕೊಂಡರು. ನಿಜ ಹೇಳುತ್ತೇನೆ, ಬೂ ಅನ್ನುವವರಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಎಡಗಡೆ ಈ ಸಲ ನಾಲ್ಕಾರು ಜನರಲ್ಲ, ಸಾಲು ಸಾಲೇ ಕೂಗಿತು. ನಗು ಇರಲಿಲ್ಲ. ಹಾಡು ಮತ್ತೆ ಎದ್ದ ಮೇಲಷ್ಟೇ ಆ ಕೂಗು ಅದರಲ್ಲಿ ಮುಳುಗಿತು. ಅಲ್ಲಿಯವರೆಗೂ ಅವನು ಕಣ್ಣು ಮುಚ್ಚಿ ನಿಂತಿದ್ದ. ತುಟಿಯಲ್ಲಿ ಒಂದು ಸಣ್ಣ ನಗೆ ಇತ್ತು. ಆ ನಗೆಯ ವಿಡಿಯೋ ಎಲ್ಲ ಕಡೆ ಓಡಾಡಿತು. 'ಎಷ್ಟು ಕೊಬ್ಬು ನೋಡಿ ಇವನಿಗೆ' ಎಂದು ಕೆಲವರು, 'ಎಂಥಾ ಗಟ್ಟಿಗ ನೋಡಿ' ಎಂದು ಕೆಲವರು ಬರೆದರು. ಅವನಿಗೆ ಕೊಬ್ಬೂ ಇರಲಿಲ್ಲ, ಗಟ್ಟಿತನದ ಪ್ರಶ್ನೆಯೂ ಇರಲಿಲ್ಲ. ಏನೂ ಕೇಳಿಸದ ಮನುಷ್ಯ ಸುಮ್ಮನೆ ಸಂತೋಷವಾಗಿದ್ದ, ಅಷ್ಟೇ.

ಮೂರನೆಯದು ಯಲಹಂಕದ ಆಚೆಯ ಬಯಲಿನಲ್ಲಿ, ನಮ್ಮ ಮಟ್ಟಿಗೆ ಅತಿ ದೊಡ್ಡ ಕಾರ್ಯಕ್ರಮ. ಬೆಳಗ್ಗೆ ಸಾಮಾನು ಇಳಿಸುವಾಗಲೇ ಹಾಡುಗಾರ ನನಗೆ ಹೇಳಿದ: "ಅಕ್ಕಾರ, ಇವತ್ತ ಅವ್ವನ್ನ ಕರ್ಕೊಂಡ್ ಬರ್ತೇನಿ. ಸ್ಟೇಜಿನ ಮ್ಯಾಲ ನನ್ ಬಾಜೂಕ ನಿಂದರಸ್ತೇನಿ. ಮನಿ ಹೋದಾಗಿಂದ ಆಕಿ ಒಂದ ಮಾತು, ಈ ಊರಾಗ ನಮ್ಮನ್ನ ಕೇಳವ್ರು ಯಾರೂ ಇಲ್ಲಪಾ ಅಂತ. ಬಾ, ನಿನ್ ಕಿವೀಲೇ ಕೇಳು, ಮಂದಿ ನಮ್ ಕೂಡ ಅದಾರ ಅಂತ ಹೇಳೀನಿ."

ಇವನಿಗೆ ತಲೆ ಕೆಟ್ಟಿದೆಯೇ? ಬೂ ಅನ್ನುವ ಜನರ ಮುಂದೆ ಆ ಹೆಂಗಸನ್ನು ಯಾಕೆ ತಂದು ನಿಲ್ಲಿಸುತ್ತಾನೆ? ಗಾಯ ಮುಚ್ಚಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ? ಕೇಳಿಯೇಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಜನರೇಟರ್ ಕೈಕೊಟ್ಟಿತು, ನಾನು ಅತ್ತ ಓಡಿದೆ.

ಮಧ್ಯಾಹ್ನ ಟೀ ಗಾಡಿಯ ಹತ್ತಿರ ಬ್ಯಾಟರಾಯನಪುರದವನು ಸಿಕ್ಕಿದ. ನಮಗೆ ಹತ್ತು ಜನ ಕೇಳುಗರಿದ್ದ ಕಾಲದಿಂದ ಬರುತ್ತಿದ್ದವನು, ಯಾವುದೋ ಕೊರಿಯರ್ ಆಫೀಸಿನಲ್ಲಿ ಕೆಲಸ. ಎಡಗಡೆ ಬ್ಯಾರಿಕೇಡಿನ ಮೊದಲನೇ ಸಾಲು ಅವನ ಪಿತ್ರಾರ್ಜಿತ ಆಸ್ತಿ ಎಂದು ನಾವು ರೇಗಿಸುತ್ತಿದ್ದೆವು. ಅವತ್ತು ಗೇಟು ತೆರೆಯುವ ಮೊದಲೇ ಬಂದಿದ್ದ, ಮುಖ ಮಾತ್ರ ಗಂಟು.

"ಕರೆಂಟ್ ಹೋಯ್ತಾ ಅಂತ ಕೂಗಿದ್ದು ನಾನೇ ಅಕ್ಕಾ," ಅಂದ. "ತಮಾಷೆಗೆ. ಅವ್ನು ಏನಾದ್ರೂ ಅಂತಾನೆ, ನಗ್ತೀವಿ ಅಂತ. ತಿರುಗಿ ನೋಡ್ಲಿಲ್ಲ. ಎರಡನೇ ಸಲ ನಿಜವಾಗ್ಲೂ ಕೇಳ್ದೆ, ಯಾಕ್ ಗುರು ಇದು, ನಮಗೂ ಸ್ವಲ್ಪ ಹೇಳು ಅಂತ. ಅಲ್ಲೇ ನಿಂತ್ಕೊಂಡು ನಗ್ತಿದಾನೆ! ಆ ಮನೆಗಳು ಹೋಗಿದ್ದು ನಂಗೂ ಬೇಜಾರೇ. ನಮ್ಮಪ್ಪಾನೂ ಮೂಟೆ ಹೊತ್ತೋರೇ. ಆದ್ರೆ ನಾವು ಇಷ್ಟ್ ಕೂಗಿದ್ರೂ ಕಿವಿಗೇ ಹಾಕ್ಕೊಳಲ್ಲ ಅಂದ್ರೆ ನಾವೇನು ನಾಯಿಗಳಾ? ಇವತ್ತು ಎಲ್ಲಾರೂ ಮಾತಾಡ್ಕೊಂಡೇ ಬಂದಿದೀವಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಎಂದುಕೊಂಡು ವಾಪಸ್ ಬಂದೆ. ಅವನು 'ಕಿವಿಗೇ ಹಾಕ್ಕೊಳಲ್ಲ' ಅಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೊಳೆದದ್ದು ಸೌಂಡ್ ಚೆಕ್ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಒಂದು ಊಟದ ಡಬ್ಬಿಯಿಂದ. ಹಾಡುಗಾರ ಕೈ ತೊಳೆದು ಬರುತ್ತಾ ಲೈಟಿನವನಿಗೆ, "ಏ, ಆ ಡಬ್ಬಿ ತೆಗಿಯೋ," ಅಂದ. ಲೈಟಿನವನು ಡಬ್ಬಿ ಎತ್ತಿಕೊಂಡು ಹೋಗಿ ವ್ಯಾನಿನಲ್ಲಿಟ್ಟು ಬಂದ.

"ಲೇ, ಊಟ ಮಾಡೂಣು ಅಂದ್ರ ಡಬ್ಬೀನ ಒಯ್ದಿ?"

"ನೀನೇ ತಾನೆ ಗುರು ತೆಗಿ ಅಂದಿದ್ದು? ತೆಗ್ದೆ."

"ತೆಗಿ ಅಂದ್ರ ಮುಚ್ಚಳ ತೆಗಿ ಅಂತಪಾ! ಬೆಂಗಳೂರಾಗ ತೆಗಿ ಅಂದ್ರ ತಗೊಂಡ್ ಹೋಗೂದೇನು?"

ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಮಂದಿ ಮೈಕ್ ತೆಗೀರಿ. ಬೇರೆ ಏನೂ ಬೇಡ, ಗಿಟಾರ್ ಬೇಡ, ಡ್ರಮ್ ಬೇಡ, ಮಂದಿಯನ್ನು ಮಾತ್ರ ನನ್ನ ಕಿವಿಗೆ ಬಿಡಿ. ಅವನು ಕೇಳಿದ್ದು ಅದು.

ನಾನು ಎದ್ದು ಕನ್ಸೋಲಿನ ಹತ್ತಿರ ಹೋಗಿ ಆ ಸೀನ್ ನೋಡಿದೆ. ಎರಡು ಮೈಕಿನ ಮೇಲೂ ಕೆಂಪು ದೀಪ, ಅಂದರೆ ಬಂದ್. ಅವನು ಮೌನವಾಗಿ ನಿಂತು ಜನರನ್ನು ಕೇಳುತ್ತಿದ್ದ. ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಮೊದಲನೆಯದನ್ನು ಅವನು ಮಾಡಿದ್ದ. ಎರಡನೆಯದು ಈ ಕೆಂಪು ದೀಪಗಳಲ್ಲಿ ನಿಂತುಹೋಗಿತ್ತು. ಜನ ನಿಜವಾಗಿಯೂ ಉತ್ತರ ಕೊಟ್ಟಿದ್ದರು. ತಮಾಷೆಯಾಗಿ ಕೊಟ್ಟರು, ಆಮೇಲೆ ಸಿಟ್ಟಿನಲ್ಲಿ ಕೊಟ್ಟರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವನಷ್ಟು ಮಾತು ಬಲ್ಲವನನ್ನು ನಾನು ನೋಡಿಲ್ಲ, ಆದರೂ ಜಗಳ ಬೆಳೆದಿತ್ತು.

ತಿರುಗಿ ನೋಡುವಷ್ಟರಲ್ಲಿ ಅವನು ಅವ್ವನನ್ನು ಕರೆತರಲು ಕಾರು ಹತ್ತಿ ಹೋಗಿಯಾಗಿತ್ತು. ಫೋನ್ ಮಾಡಿದೆ. ಅವನ ದನಿಗಿಂತ ಹಾರ್ನೇ ಜೋರಾಗಿ ಕೇಳಿಸುತ್ತಿತ್ತು. "ಹೆಬ್ಬಾಳದಾಗ ಸಿಕ್ಕೊಂಡೀವ್ರಿ ಅಕ್ಕಾರ. ಅವ್ವ ಬಾಜೂಕ ಅದಾಳ, ಹೊಸಾ ಸೀರಿ ಉಟ್ಟಾಳ! ಬಂದ್ ಮ್ಯಾಲ ಮಾತಾಡೂಣು." ಹೊಸ ಸೀರೆ ಉಟ್ಟವಳು ಪಕ್ಕದಲ್ಲಿದ್ದಾಗ ಫೋನಿನಲ್ಲಿ ಏನೆಂದು ಹೇಳಲಿ?

ಮ್ಯಾನೇಜರನ್ನು ಹಿಡಿದು ಎಲ್ಲ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ. ತಲೆ ಮೇಲೆ ಕೈ ಹೊತ್ತು ಪೆಟ್ಟಿಗೆಯ ಮೇಲೆ ಕೂತ. "ಅಂದ್ರೆ ಅವ್ನಿಗೆ ಇಷ್ಟ್ ದಿನ ಗೊತ್ತೇ ಇಲ್ವಾ? ಅಯ್ಯೋ ದೇವ್ರೇ. ಅಕ್ಕಾ, ಇವತ್ತು ಹೇಳ್ಬೇಡಿ. ಹೇಳಿದ್ರೆ ಸ್ಟೇಜ್ ಹತ್ತಲ್ಲ ಅವ್ನು. ಆಯಮ್ಮನ ಮುಂದೆ ಅವನ ಮುಖ ಏನಾಗ್ಬೇಡ?"

"ಹಂಗಂತ ಇವತ್ತೂ ಮುಚ್ಚಿಡ್ಲಾ?"

ಅವನು ಪೆಟ್ಟಿಗೆಯ ಮೇಲಿಂದ ಎದ್ದ. "ಒಂದ್ ಕೆಲ್ಸ ಮಾಡಿ. ಬಲಗಡೆ ಮೈಕ್ ಮಾತ್ರ ಕೊಡಿ. ಸುಳ್ಳೇನಲ್ಲವಲ್ಲ, ಅವ್ರೂ ಜನಾನೇ."

ಈ ಮಾತು ನನ್ನನ್ನು ಅಲ್ಲಾಡಿಸಿತು. ಎಷ್ಟು ಸುಲಭ! ಎಡಗಡೆಯ ಒಂದು ಗುಂಡಿ ಇಳಿಸಿದರೆ ಅವನ ಜಗತ್ತಿನಲ್ಲಿ ಎಲ್ಲರೂ ಅವನವರೇ. ಊರಿನಲ್ಲಿ ಈಗ ಎಲ್ಲರೂ ಬದುಕುತ್ತಿರುವುದೇ ಹಾಗಲ್ಲವೇ, ಒಂದೊಂದೇ ಕಿವಿ ತೆರೆದುಕೊಂಡು. ನಾನು ಒಂದು ಗಂಟೆ ಕೇಬಲ್ ತಿದ್ದುವ ನೆಪದಲ್ಲಿ ಸ್ಟೇಜಿನ ಅಂಚಿನಲ್ಲೇ ಓಡಾಡಿದೆ. ಕೊನೆಗೆ ಎರಡೂ ಮೈಕಿನ ಮುಂದೆ ನಿಂತು ಚಪ್ಪಾಳೆ ತಟ್ಟಿ ಅಳತೆ ನೋಡಿ, ಎರಡನ್ನೂ ಒಂದೇ ಮಟ್ಟಕ್ಕೆ ತಂದಿಟ್ಟೆ. ಎಡಕ್ಕೆ ಕೂದಲೆಳೆ ಹೆಚ್ಚಿಲ್ಲ, ಬಲಕ್ಕೆ ಕೂದಲೆಳೆ ಕಮ್ಮಿಯಿಲ್ಲ. ಅವನು ಬಂದ ಕೂಡಲೇ ಕೂರಿಸಿ ಹೇಳುವುದು, ಸಿಂಬಿಯನ್ನು ಇಡುವುದೋ ಬಿಡುವುದೋ ಅವನಿಗೇ ಬಿಡುವುದು ಎಂದು ತೀರ್ಮಾನಿಸಿದೆ.

ಅವನು ಬಂದದ್ದು ಬಯಲು ತುಂಬಿ, ಜನ ಲಯಬದ್ಧವಾಗಿ ಚಪ್ಪಾಳೆ ಹೊಡೆಯಲು ಶುರು ಮಾಡಿದ ಮೇಲೆ. ಕಾರಿನಲ್ಲೇ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಬಂದಿದ್ದ. ಹಿಂದೆ ಹಸಿರು ಸೀರೆಯ ಅವ್ವ, ಕೈಯಲ್ಲಿ ತನ್ನದೊಂದು ಸಿಂಬಿ. ನಾನು ಅವನ ಸೊಂಟಕ್ಕೆ ಡಬ್ಬಿ ಸಿಕ್ಕಿಸುತ್ತಾ, "ನಿನ್ ಹತ್ರ ಒಂದು ಮಾತು," ಅಂದೆ. ಅವನು ನಕ್ಕು ಕಿವಿ ತೋರಿಸಿ, ಕೇಳಿಸುವುದಿಲ್ಲ ಎಂದು ಕೈಯಾಡಿಸಿದ. ಡ್ರಮ್ಮರ್ ಆಗಲೇ ಕೋಲೆತ್ತಿದ್ದ. ನಾನು ಓಡಿ ಕನ್ಸೋಲಿಗೆ ಬಂದು, ನೇರವಾಗಿ ಅವನ ಕಿವಿಗೆ ಹೋಗುವ ನನ್ನ ಮೈಕಿನಲ್ಲಿ ಹೇಳಿದೆ: "ಇವತ್ತು ಆ ನಿಮಿಷಕ್ಕೆ ಮಂದಿ ಮೈಕ್ ತೆರೀತೀನಿ. ಎರಡೂ. ಹುಷಾರು."

ಅವನು ಹೆಬ್ಬೆರಳು ಎತ್ತಿದ. ಅವನ ಪಾಲಿಗೆ ಅದರಲ್ಲಿ ಹೊಸದೇನಿತ್ತು? ಅದು ಯಾವಾಗಲೂ ತೆರೆದೇ ಇದೆ ಎಂದು ಅವನು ತಿಳಿದಿದ್ದ.

ಅವತ್ತು ಮೊದಲಿಗೇ ಹೊರುವ ಹಾಡು ಬಂತು, ಅರ್ಧಕ್ಕೆ ನಿಂತಿತು. ಅವನು ಅವ್ವನ ಕೈ ಹಿಡಿದು ಬಿಳಿ ಲೈಟಿನೊಳಗೆ ಕರೆತಂದ. ಇಬ್ಬರೂ ಸಿಂಬಿ ಇಟ್ಟುಕೊಂಡರು. ಅವನು ಕಣ್ಣು ಮುಚ್ಚಿದ. ಅವನ ಕಿವಿಗೆ ಹೋಗುವುದೇ ನನ್ನ ಹೆಡ್‌ಫೋನಿಗೂ ಬರುತ್ತದೆ. ನನ್ನ ಕೆಲಸವೇ ಅವನ ಕಿವಿಯೊಳಗೆ ಕೂತಿರುವುದು. ಎರಡೂ ಮೈಕನ್ನು ಒಟ್ಟಿಗೆ ಏರಿಸಿದೆ.

ಎಡಗಿವಿಯಲ್ಲಿ ಮಾತಾಡಿಕೊಂಡು ಬಂದವರ ಬೂ ಒಂದೇ ಉಸಿರಿನಲ್ಲಿ ಎದ್ದಿತು. ಬಲಗಿವಿಯಲ್ಲಿ ಜೈಕಾರ, ಶಿಳ್ಳೆ, ಎಡಗಡೆಯವರಿಗೆ ಬೈಗುಳ. ಅವನ ಕಣ್ಣು ಫಕ್ಕನೆ ತೆರೆಯಿತು. ಮೊದಲು ತನ್ನ ಕಿವಿಯೇ ಕೆಟ್ಟಿದೆ ಎನ್ನುವಂತೆ ಒಂದು ಇಯರ್‌ಫೋನ್ ಎಳೆದ, ಹೊರಗೂ ಅದೇ ಇತ್ತು, ಮತ್ತೆ ಹಾಕಿಕೊಂಡ. ಗದ್ದಲದೊಳಗಿನಿಂದ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ದನಿ ಬಂತು, ಬ್ಯಾಟರಾಯನಪುರದವನದು. ಅರಚಿ ಅರಚಿ ಬಿರಿದುಹೋಗಿತ್ತು.

"ಈಗ್ಲಾದ್ರೂ ಕೇಳಿಸ್ತೇನೋ ಗುರು?"

ಹಾಡುಗಾರ ನನ್ನ ಕಡೆ ತಿರುಗಿದ. ಕಣ್ಣು ಕೆಕ್ಕರಿಸಲಿಲ್ಲ. ಕೆಕ್ಕರಿಸಿದ್ದರೆ ಚೆನ್ನಾಗಿತ್ತು. ಇಷ್ಟು ದಿನವೂ ಹೀಗೇ ಇತ್ತೇ ಎಂದು ಆ ಮುಖ ಕೇಳಿತು, ನಾನು ಹೌದು ಎಂದು ತಲೆಯಾಡಿಸಿದೆ.

ಅಷ್ಟೂ ಹೊತ್ತು ಅವ್ವ ನಗುತ್ತಿದ್ದಳು. ಆ ಗದ್ದಲದ ಕಡೆ ನೋಡಿ, ಎಡಗಡೆಗೊಮ್ಮೆ ಬಲಗಡೆಗೊಮ್ಮೆ, ಮದುವೆ ಮನೆಗೆ ಬಂದವರಿಗೆ ಮುಗಿಯುವಂತೆ ಕೈ ಮುಗಿಯುತ್ತಿದ್ದಳು. ಬೂ ಅನ್ನುವವರಿಗೂ ಮುಗಿದಳು. ನನಗೆ ಅಲ್ಲಿ ನಿಂತಲ್ಲೇ ಅಳು ಬಂತು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅವನು ಬಿಳಿ ಲೈಟಿನಿಂದ ಆಚೆ ಬಂದು ಎಡಗಡೆಯ ಅಂಚಿಗೆ ನಡೆದ. ಸಿಂಬಿ ತಲೆಯ ಮೇಲೇ ಇತ್ತು. "ಕೇಳಿಸ್ತೋ ಮಾರಾಯಾ," ಅಂದ ಮೈಕಿನಲ್ಲಿ. "ಇವತ್ತ ಕೇಳಿಸ್ತು. ಹೇಳು."

ಎಡಗಡೆ ಒಮ್ಮೆಲೇ ತಣ್ಣಗಾಯಿತು. ನಿಜ ಹೇಳಬೇಕೆಂದರೆ, ಆ ಒಂದು ಕ್ಷಣ ಎಲ್ಲವೂ ಸರಿಹೋಗುತ್ತದೆ ಅನ್ನಿಸಿತು. ಬ್ಯಾಟರಾಯನಪುರದವನು ಬ್ಯಾರಿಕೇಡಿನ ಮೇಲೆ ಕೈಯೂರಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಲಗಡೆಯಿಂದ, ನಮ್ಮವರು ಎಂದು ನಾವು ಅಂದುಕೊಂಡವರ ಗುಂಪಿನಿಂದ, ನೀರಿನ ಬಾಟಲಿಯೊಂದು ಹಾರಿ ಬಂದು ಅವನ ಮುಖಕ್ಕೆ ಬಡಿಯಿತು. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಎರಡೂ ಕಡೆಯವರು ಮಧ್ಯದ ಬ್ಯಾರಿಕೇಡ್ ಕಿತ್ತರು. ಪೊಲೀಸರು ನುಗ್ಗಿದರು. ಹಾಡುಗಾರ "ಹೊಡೀಬ್ಯಾಡ್ರೋ, ಆಂವಾ ನಮ್ಮಾಂವ" ಎಂದು ಕೂಗುತ್ತಲೇ ಇದ್ದ. ಆಯೋಜಕರು ಮುಖ್ಯ ಸ್ಪೀಕರ್ ಬಂದ್ ಮಾಡಿಸಿದರು. ಆಮೇಲೂ ಅವನು ಕೂಗುತ್ತಿದ್ದ. ಅದು ನನ್ನ ಹೆಡ್‌ಫೋನಿಗೆ ಮಾತ್ರ ಬರುತ್ತಿತ್ತು.

ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಬಯಲು ಖಾಲಿಯಾದ ಮೇಲೆ ನಾನು ಅವನ ಸೊಂಟದ ಡಬ್ಬಿ ಬಿಚ್ಚಿಕೊಂಡೆ, ಆಗಿದ್ದನ್ನೆಲ್ಲ ಹೇಳಿದೆ. ತೆಗಿ ಅಂದರೆ ನಾನು ಏನೆಂದುಕೊಂಡೆ ಅನ್ನುವುದನ್ನೂ ಹೇಳಿದೆ. ಅವನು ಬೈಯಲಿಲ್ಲ. "ಒಂದ್ ಮಾತು ಕೇಳಬೇಕಿತ್ತು ನಾನೂ," ಅಂದ. "ಮಂದಿ ಅಷ್ಟ್ ಚಂದ ಅದಾರ ಅಂತ ಹೆಂಗ ನಂಬಿದ್ನೋ." ಅವನು ಆಮೇಲೆ ಗಂಗಾನಗರದ ನೆಲಮಾಳಿಗೆಗೆ ಬರಲಿಲ್ಲ. ಬ್ಯಾಟರಾಯನಪುರದವನು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ನನಗೊಮ್ಮೆ ಫೋನ್ ಮಾಡಿ, ಬ್ಯಾಂಡ್ ಮತ್ತೆ ಯಾವಾಗ ಅಕ್ಕಾ, ಅಂತ ಕೇಳಿದ.

ಅವತ್ತು ಅವ್ವನನ್ನು ಕಾರಿನವರೆಗೆ ಬಿಡಲು ನಾನೂ ಹಾಡುಗಾರನೂ ಹೋದೆವು. ಆಕೆ ಸಿಂಬಿ ಬಿಚ್ಚಿ ಮಡಿಚಿ ಕಂಕುಳಲ್ಲಿಟ್ಟುಕೊಂಡಿದ್ದಳು.

"ಎಷ್ಟ್ ಮಂದೀಪಾ!" ಅಂದಳು. "ನಮ್ ಸಲುವಾಗಿ ಎಷ್ಟ್ ಕೂಗಿದ್ರು. ಈ ಊರಾಗ ನಮ್ಮನ್ನ ಕೇಳವ್ರು ಇಲ್ಲ ಅಂದಿದ್ನಲ್ಲ ನಾ, ಅದು ಸುಳ್ಳ ಆತು ನೋಡು."

ನನಗೆ ತಡೆಯಲಾಗಲಿಲ್ಲ. ಇನ್ನೊಬ್ಬರನ್ನೂ ಹೀಗೆ ಕಿವಿ ಮುಚ್ಚಿ ಕಳಿಸಬೇಕೇ? "ಅವ್ವಾ, ಅದು..." ಎಂದು ಶುರು ಮಾಡಿದೆ. ಹಾಡುಗಾರ ನನ್ನ ಮುಂಗೈ ಹಿಡಿದ.

"ತೆಗೀಬ್ಯಾಡ್ರಿ ಅಕ್ಕಾರ," ಅಂದ, ನನಗೊಬ್ಬಳಿಗೇ ಕೇಳುವ ಹಾಗೆ.

ಈ ಸಲ ಯಾವ ಅರ್ಥ ಎಂದು ನಾನು ಯೋಚಿಸಬೇಕಾಗಲಿಲ್ಲ. ಅಷ್ಟು ವರ್ಷ ಮಾರ್ಕೆಟ್ಟಿನ ಕೂಗಾಟದಲ್ಲಿ ಬದುಕಿದವಳಿಗೆ ಯಾವ ಕೂಗು ಎಂಥದ್ದು ಅಂತ ಗೊತ್ತಾಗಲಿಲ್ಲವೇ, ಅಥವಾ ಅವನ ಮುಖ ನೋಡಿ ಆಕೆಯೂ ಏನನ್ನೋ ಮುಚ್ಚಿಟ್ಟಳೇ, ನನಗೆ ಇವತ್ತಿಗೂ ತಿಳಿಯದು. ಆಕೆ ಕಾರಿನೊಳಗೆ ಕೂತು, ಸೆರಗು ಒಳಗೆಳೆದುಕೊಂಡು, ಕಿಟಕಿಯಿಂದ ಅವನ ಗಲ್ಲ ಮುಟ್ಟಿದಳು.

"ಮುಂದಿನ್ ಸಲ ನಮ್ ಮಂದೀನ್ನೆಲ್ಲಾ ಕರ್ಕೊಂಡ್ ಬರ್ತೇನಿ, ಹಾಂ?"

"ಹೂಂನವ್ವಾ," ಅಂದ ಅವನು. "ಎಲ್ಲಾರ್ನೂ ಕರ್ಕೊಂಡ್ ಬಾ."